ಎಂಟು ದಿನಕ್ಕೊಮ್ಮೆ ನೀರು, ಪುರಸಭೆಯವ್ರು ಹೊಸಾ ಟಾಕಿ ಕಟ್ತೀವಿ ಅಂತಾರ. ಟಾಕಿಯಿಂದ ನೀರು ಹುಟ್ತೈತೇನ್ರಿ?

ಜೆರಾಕ್ಸ್ ಅಂಗಡಿ:

ಎಲ್ಲಾರಿಗೂ ನಮಸ್ಕಾರ್ರಿ. ನೀರಿನ ಕೆಲಸ ಗೊತ್ತಿದ್ದವ್ರು ಯಾರರ ಇದ್ರ ಸ್ವಲ್ಪ ದಾರಿ ಹೇಳ್ರಿ. ಊರ ಹೆಸರು ಬ್ಯಾಡ, ತುಂಗಭದ್ರಾ ಹೊಳಿಯಿಂದ 22 ಕಿಲೋಮೀಟರ್ ದೂರ ಇರೋ ಪುರಸಭೆ ಊರು, ಮಂದಿ ಹತ್ತತ್ರ 40 ಸಾವಿರ. ನಂದು ಪುರಸಭೆ ಎದುರಿಗೇ ಜೆರಾಕ್ಸ್ ಅಂಗಡಿ, ಹಿಂಗಾಗಿ ಊರಾಗಿನ ಎಲ್ಲಾ ಓಣಿಯವ್ರ ನೀರಿನ ಮನವಿ ಪತ್ರ ನಾನೇ ಟೈಪ್ ಮಾಡೋದು, ಈಗ ಫೈಲ್ ಒಳಗ ವಾರ್ಡ್ ನಂಬರ್ ಒಂದು ಬದಲು ಮಾಡಿ ಪ್ರಿಂಟ್ ಕೊಡ್ತೀನಿ ಅಷ್ಟ.

ನಮ್ಮಲ್ಲಿ ಎಂಟು ದಿನಕ್ಕೊಮ್ಮೆ ನೀರು. ಅದೂ ಎಂಟು ಅಂದ್ರ ಎಂಟಲ್ಲ, ಆರಕ್ಕ ಬಂದ್ರ ಬಂತು, ಹನ್ನೊಂದಕ್ಕ ಹೋದ್ರ ಹೋತು. ರಾತ್ರಿ ಎರಡಕ್ಕ ಬಿಡ್ತಾರ, ಬೆಳಗಿನ ನಾಕಕ್ಕ ಬಿಡ್ತಾರ, ನಮ್ಮವ್ವ ನಳದ ಕೆಳಗ ಖಾಲಿ ಕೊಡ ಇಟ್ಟು ಮಲಗ್ತಾಳ, ಕೊಡದಾಗ ನೀರು ಬಿದ್ದ ಸಪ್ಪಳಕ್ಕ ಎದ್ದು ಎಲ್ಲಾರನ್ನೂ ಎಬ್ಬಸ್ತಾಳ. ಬ್ಯಾಸಗಿಯಾಗ ಹೊಳಿ ಬತ್ತೈತಿ, ಭದ್ರಾ ಡ್ಯಾಮಿಂದ ನೀರು ಬಿಡೋತನಕ ತಡಕೋಬೇಕು ಅಂತಾರ, ಅದು ತಿಳಿತೈತಿ. ಆದ್ರ ಆಗಸ್ಟದಾಗ ಹೊಳಿ ದಂಡಿ ಮುಳುಗಿಸಿ ಹರಿಯೋವಾಗೂ ಎಂಟು ದಿನಕ್ಕೊಮ್ಮೆನೇ ಅಂದ್ರ ಹೆಂಗ್ರಿ?

ಈಗ ಇನ್ನೊಂದು 10 ಲಕ್ಷ ಲೀಟರ್ ಟಾಕಿ ಕಟ್ತೀವಿ, ಆಮ್ಯಾಲ ಎರಡನೇ ಹಂತದ ಯೋಜನಾ ತರ್ತೀವಿ ಅಂತ ಹೇಳಾಕತ್ತಾರ. ಮುಂದಿನ ತಿಂಗಳು ಸಭಾ ಐತಿ, ನಾಕೈದು ಮಂದಿ ಹೋಗಿ ಮಾತಾಡ್ಬೇಕು ಅಂತ ಮಾಡೀವಿ. ಹೋಗಿ "ನೀರು ಕೊಡ್ರಿ" ಅಂದ್ರ "ಕೊಡ್ತೀವಿ" ಅಂತಾರ, ಎದ್ದು ಬರಬೇಕಾಗ್ತೈತಿ. ಏನು ಕೇಳಬೇಕು?

ಟ್ಯಾಂಕರ್ ತಿಮ್ಮ:

ಅಣ್ಣ ಟಾಕಿ ಕಟ್ಟಿದ್ರೆ ಕಣ್ಣಿಗೆ ಕಾಣುತ್ತೆ, ಪೂಜೆ ಮಾಡಬೋದು, ಫಲಕ ಹಾಕಬೋದು. ಪೈಪು ನೆಲದೊಳಗಿರುತ್ತೆ, ಅದಕ್ಕೆ ಯಾರು ಟೇಪ್ ಕಟ್ ಮಾಡ್ತಾರೆ 😀

ಹಳೇ ಜೆಇ:

ತಿಮ್ಮ ಅವರು ತಮಾಷೆಗೆ ಹೇಳಿದ್ರೂ ಅರ್ಧ ನಿಜ. ನಾನು ನೀರು ಸರಬರಾಜಿನಲ್ಲೇ ಮೂವತ್ತು ವರ್ಷ ಇದ್ದು ರಿಟೈರ್ ಆದವನು, ನಾನೂ ನಾಲ್ಕಾರು ಟ್ಯಾಂಕ್ ಕಟ್ಟಿಸಿದ್ದೀನಿ, ಅದರಲ್ಲಿ ಒಂದು ಇವತ್ತಿಗೂ ಪೂರ್ತಿ ತುಂಬಿಲ್ಲ, ಅದರ ಕೆಳಗೆ ಕ್ರಿಕೆಟ್ ಆಡ್ತಾರೆ.

ನೀವು ಬರೆದದ್ದರಲ್ಲಿ ಮುಖ್ಯವಾದ ಮಾತು ಆ ಆಗಸ್ಟ್‌ದು. ಹೊಳೆ ತುಂಬಿದಾಗಲೂ ಎಂಟು ದಿನ ಅಂದ್ರೆ ತೊಂದರೆ ಹೊಳೆಯಲ್ಲಿಲ್ಲ, ಹೊಳೆಯಿಂದ ನಿಮ್ಮ ನಲ್ಲಿವರೆಗೆ ಎಲ್ಲೋ ಇದೆ. ಈಗಿರೋ ಟ್ಯಾಂಕ್‌ಗಳು ದಿನಾ ತುಂಬಿ ತುಳುಕ್ತಾ ಇದ್ರೆ ಹೊಸ ಟ್ಯಾಂಕ್ ಕಟ್ಟಲಿ. ತುಂಬ್ತಾನೇ ಇಲ್ಲ ಅಂದ್ರೆ ಖಾಲಿ ಹಂಡೆ ಪಕ್ಕ ಇನ್ನೊಂದು ಖಾಲಿ ಹಂಡೆ ಇಟ್ಟ ಹಾಗೆ.

ಸಭೆಗೆ ಹೋಗೋಕೆ ಮುಂಚೆ ಒಂದು ಕೆಲಸ ಮಾಡಿ. ಹೊಳೆ ದಂಡೆಯಲ್ಲಿ ನೀರು ಎತ್ತೋ ಬಾವಿ, ಅಂದ್ರೆ ಜಾಕ್‌ವೆಲ್‌ನಲ್ಲಿ ಪಂಪ್ ಆಪರೇಟರ್ ಹತ್ತಿರ ಲಾಗ್ ಬುಕ್ ಇರುತ್ತೆ. ಎಷ್ಟೊತ್ತಿಗೆ ಪಂಪ್ ಹಚ್ಚಿದೆ, ಎಷ್ಟೊತ್ತಿಗೆ ನಿಂತ್ತು, ಯಾಕೆ ನಿಂತ್ತು ಎಲ್ಲಾ ಬರೆದಿರ್ತಾರೆ. ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಆದ್ರೆ ನನ್ನ ಅನುಭವದಲ್ಲಿ ಆಪರೇಟರ್ ಜೊತೆ ಕೂತು ಒಂದು ಚಾ ಕುಡಿದ್ರೆ ಸಾಕು, ಪಾಪ ಅವರನ್ನ ಯಾರೂ ಏನೂ ಕೇಳಿರಲ್ಲ. ಒಂದು ತಿಂಗಳ ಲೆಕ್ಕ ತಗೊಂಡು ಬನ್ನಿ, ಪಂಪು ಎಷ್ಟಿವೆ, ಗಂಟೆಗೆ ಎಷ್ಟು ನೀರು ಎತ್ತುತ್ತೆ, ಮುಖ್ಯ ಪೈಪ್ ಯಾವುದು ಅದನ್ನೂ ಕೇಳಿ. ಆಮೇಲೆ ಮಾತಾಡೋಣ.

ವಾಲ್ವ್‌ಮನ್ ಮಗ:

ನಮ್ಮಪ್ಪ ದಾವಣಗೆರೆ ಕಡೆ ಒಂದು ಊರಲ್ಲಿ ವಾಲ್ವ್‌ಮನ್ ಆಗಿದ್ರು, ಅದಕ್ಕೆ ಈ ಪೋಸ್ಟ್ ಬಿಟ್ಟು ಮುಂದೆ ಹೋಗೋಕೆ ಆಗ್ಲಿಲ್ಲ. ಜನ ನೀರು ಬರದಿದ್ರೆ ಬಯ್ಯೋದು ವಾಲ್ವ್‌ಮನ್‌ಗೆ, ನೀರು ಬಂದ್ರೆ ಕ್ರೆಡಿಟ್ಟು ಮೆಂಬರ್‌ಗೆ. ಅಪ್ಪ ಸೈಕಲ್ ಹಿಂದೆ ಆ ಉದ್ದನೆ ಕಬ್ಬಿಣದ ಕೀ ಕಟ್ಕಂಡು ಬೆಳಗಿನ ಜಾವ ಮೂರಕ್ಕೆ ಹೋಗೋರು, ಊರಲ್ಲಿ ಅರವತ್ತಕ್ಕೂ ಹೆಚ್ಚು ವಾಲ್ವ್ ಇದ್ವು, ಯಾವುದು ಎಷ್ಟು ಸುತ್ತು, ಯಾವುದು ಎಡಕ್ಕೆ ತಿರುಗುತ್ತೆ, ಯಾವುದನ್ನ ತೆಗೆದ್ರೆ ಯಾವ ಬೀದಿ ಕೊನೆ ಮನೆಗೆ ನೀರು ಏರಲ್ಲ, ಎಲ್ಲಾ ಅಪ್ಪನ ತಲೇಲಿ. ಕಾಗದದ ಮೇಲೆ ಒಂದು ಗೆರೆನೂ ಇರ್ಲಿಲ್ಲ. ಅಪ್ಪ ರಿಟೈರ್ ಆದ ಮೇಲೂ ಎರಡು ವರ್ಷ ಫೋನ್ ಬರ್ತಿತ್ತು, "ಅಣ್ಣಾ ಗುಡಿ ಹಿಂದಿನ ವಾಲ್ವ್ ಎಲ್ಲೈತೆ" ಅಂತ, ಅದರ ಮೇಲೆ ಕಾಂಕ್ರೀಟ್ ರೋಡ್ ಹಾಕಿಬಿಟ್ಟಿದ್ರು.

ಈಗಿನವರು ಗುತ್ತಿಗೆ ಹುಡುಗರು, ಸಂಬಳ ಮೂರು ತಿಂಗಳಿಗೊಮ್ಮೆ, ಆರು ತಿಂಗಳು ಇದ್ದು ಹೋಗ್ತಾರೆ. ನೀವು ಸಭೇಲಿ ಏನೇ ಕೇಳ್ರಿ, ಪೈಪಿಂದೊಂದು ನಕ್ಷೆ ಬರೆಸ್ರಿ ಅಂತ ಕೇಳೋದು ಮರೀಬೇಡ್ರಿ, ಹಳೇ ವಾಲ್ವ್‌ಮನ್ ಬದುಕಿದ್ದಾಗಲೇ ಅವರನ್ನ ಕರ್ಕಂಡು ಬೀದಿ ಬೀದಿ ಸುತ್ತಿ ಬರೆಸ್ರಿ.

ಇನ್ನೊಂದು. ಟೈಮ್ ಸರಿಯಾಗಿದ್ರೆ ಅರ್ಧ ಜಗಳ ಮುಗೀತು. ಎಂಟು ದಿನಕ್ಕೊಮ್ಮೆ ಆದ್ರೂ ಪರವಾಗಿಲ್ಲ, ಮಂಗಳವಾರ ಬೆಳಿಗ್ಗೆ ಆರಕ್ಕೆ ಅಂದ್ರೆ ಆರಕ್ಕೆ ಬರ್ಲಿ, ನಿಮ್ಮಮ್ಮ ನಿದ್ದೆ ಮಾಡ್ತಾರೆ. ಹುಬ್ಬಳ್ಳೀಲಿ ಹಿಂದೆ ನೆಕ್ಸ್ಟ್‌ಡ್ರಾಪ್ ಅಂತ ಒಂದು ಮಾಡಿದ್ರಲ್ಲ, ವಾಲ್ವ್‌ಮನ್ ವಾಲ್ವ್ ತಿರುವೋ ಹೊತ್ತಲ್ಲಿ ಫೋನ್ ಮಾಡಿ ಹೇಳೋದು, ಆ ಏರಿಯಾದ ಜನಕ್ಕೆ ಎಸ್ಸೆಮ್ಮೆಸ್ ಹೋಗೋದು. ಈಗ ಅದಕ್ಕೆ ಒಂದು ವಾಟ್ಸಾಪ್ ಗ್ರೂಪ್ ಸಾಕು. ಆದ್ರೆ ವಾಲ್ವ್‌ಮನ್‌ಗೆ ರೀಚಾರ್ಜ್ ದುಡ್ಡು ಕೊಡ್ರಪ್ಪ.

ಜೆರಾಕ್ಸ್ ಅಂಗಡಿ:

ಹಳೇ ಜೆಇ ಸರ, ಲಾಗ್ ಬುಕ್ ಸಿಕ್ತು. ಚಾ ಅಲ್ರಿ, ಮಿರ್ಚಿ ಮಂಡಕ್ಕಿ ಒಯ್ದಿದ್ವಿ. ಆಪರೇಟರ್ ಅಣ್ಣಾರು ತಾವೇ ಪುಸ್ತಕ ತಗದು ಮುಂದಿಟ್ರು, "ಹನ್ನೆರಡು ವರ್ಷದಾಗ ಇದನ್ನ ಓದಾಕ ಬಂದವ್ರು ನೀವ ಮೊದಲ್ನೇಯವ್ರು" ಅಂದ್ರು.

ಪಂಪು ಎರಡು, 150 ಎಚ್‌ಪಿ ಮೋಟರ್. ಅದರಾಗ ಒಂದು ಒಂದೂವರೆ ವರ್ಷದಿಂದ ಬಿಚ್ಚಿ ಇಟ್ಟೈತಿ, ರಿಪೇರಿಗೆ ಹೋಗಬೇಕು ಅಂತಾರ. ಓಡೋದು ಒಂದ. ಗಂಟೆಕ್ಕ 2 ಲಕ್ಷ 70 ಸಾವಿರ ಲೀಟರ್ ಎತ್ತತೈತಿ ಅಂತ ಬೋರ್ಡ್ ಮ್ಯಾಲೆ ಬರದಾರ. ದಿನಕ್ಕ 20 ತಾಸು ಓಡಬೇಕು ಅಂತ ಯೋಜನಾ. ಹೋದ ತಿಂಗಳು ಸರಾಸರಿ ಓಡಿದ್ದು 13 ತಾಸು. ಕರೆಂಟ್ ಹೋಗಿ ಪಂಪ್ ನಿಂತಿದ್ದು ಒಂದು ತಿಂಗಳಾಗ 41 ಸಲ! ಕೆಲವೊಂದು ಐದು ನಿಮಿಷ, ಕೆಲವೊಂದು ನಾಕು ತಾಸು. ಎರಡು ಸಲ ಪೈಪ್ ಒಡದು ಒಂದೂವರೆ ದಿನ ಬಂದ್. ಪೈಪು ಹಳೇ ಪಿಎಸ್‌ಸಿ, ಅಂದ್ರ ತಂತಿ ಬಿಗಿದ ಕಾಂಕ್ರೀಟಿಂದು, 350 ಎಂಎಂ. ಜಾಕ್‌ವೆಲ್ ಇರೋದು ಹಳ್ಳಿ ಫೀಡರ್ ಮ್ಯಾಲೆ, ಅಂದ್ರ ಹಳ್ಳಿಗಳಿಗೆ ಹೋಗೋ ಕರೆಂಟ್ ಲೈನಿನ ಮ್ಯಾಲೆ.

ಹಳೇ ಜೆಇ:

ಶಭಾಷ್. ಎಷ್ಟೋ ವರದಿಗಳಲ್ಲೂ ಇಷ್ಟು ಮಾಹಿತಿ ಇರಲ್ಲ. ಕೂತ್ಕೊಳ್ಳಿ, ಲೆಕ್ಕ ಹಾಕೋಣ.

13 ಗಂಟೆ ಅಂದ್ರೆ ದಿನಕ್ಕೆ 35 ಲಕ್ಷ ಲೀಟರ್. 40 ಸಾವಿರ ಜನಕ್ಕೆ ಹಂಚಿದ್ರೆ ತಲೆಗೆ 87 ಲೀಟರ್. ಒಳಚರಂಡಿ ಇಲ್ಲದ ಊರಿಗೆ 70, ಇರೋ ಊರಿಗೆ 135 ಅಂತ ಕೇಂದ್ರದ ಕೈಪಿಡಿಯಲ್ಲಿ 1999ರಲ್ಲೇ ಬರೆದಿದ್ದಾರೆ. ಅಂದ್ರೆ ಇಷ್ಟು ಕುಂಟಿಕೊಂಡು ಓಡಿದ್ರೂ ಲೆಕ್ಕದ ಪ್ರಕಾರ ನಿಮ್ಮೂರಿಗೆ ನೀರಿದೆ! ಈಗ ನೀವೇ ಹೇಳಿ, ನಿಮ್ಮನೇಲಿ ಐದು ಜನ ಅಂದ್ಕೊಳ್ಳಿ, ಎಂಟು ದಿನಕ್ಕೆ 87ರ ಲೆಕ್ಕದಲ್ಲಿ ಸುಮಾರು 3,500 ಲೀಟರ್ ಬರಬೇಕು. ನೀರು ಬಿಟ್ಟ ದಿನ ನಿಮಗೆ ಎಷ್ಟು ಸಿಗುತ್ತೆ? ಹೋಟೆಲ್ಲು, ಶಾಲೆ, ಆಸ್ಪತ್ರೆ ಅಂತ ಸ್ವಲ್ಪ ಕಳೀರಿ, ಆದ್ರೂ.

ಇನ್ನು ಆ 41 ಸಲ. ಜನ ಏನು ತಿಳ್ಕೋತಾರೆ ಅಂದ್ರೆ ಐದು ನಿಮಿಷ ಕರೆಂಟ್ ಹೋದ್ರೆ ಐದು ನಿಮಿಷದ ನೀರು ಹೋಯ್ತು ಅಂತ. ಹಾಗಲ್ಲ. ನಿಮ್ಮ ಪೈಪಲ್ಲಿ ನೀರು ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಿ ಹೋಗ್ತಾ ಇರುತ್ತೆ. ಪಂಪ್ ದಿಢೀರ್ ನಿಂತಾಗ 22 ಕಿಲೋಮೀಟರ್ ಉದ್ದದ ಆ ನೀರಿನ ಸರಪಣಿ ತಡೆದು, ವಾಪಸ್ ತಿರುಗಿ, ಬಂದು ಬಡಿಯುತ್ತೆ. ಆ ಹೊಡೆತ ಹೆಚ್ಚುಕಮ್ಮಿ 75 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ, ಅದೂ ಈಗಾಗಲೇ ಇರೋ ಒತ್ತಡದ ಮೇಲೆ. ವಾಟರ್ ಹ್ಯಾಮರ್ ಅನ್ನೋದು ಇದನ್ನೇ, ಸುತ್ತಿಗೆ ಏಟೇ ಅದು. ಪಿಎಸ್‌ಸಿ ಪೈಪಿನ ಜೋಡಣೆಯಲ್ಲಿ ರಬ್ಬರ್ ರಿಂಗ್ ಇರುತ್ತೆ, ತಿಂಗಳಿಗೆ 41 ಏಟು ತಿಂದ್ರೆ ಎಲ್ಲೋ ಒಂದು ಕಡೆ ಜಾರಲೇಬೇಕು. ಪೈಪ್ ಹಳೇದಾಗಿ ಒಡೀತು ಅಂತಾರೆ, ಏಟು ತಿಂದು ತಿಂದು ಒಡೆದಿದ್ದು ಅಂತ ಯಾರೂ ಬರೆಯಲ್ಲ.

ಇದಕ್ಕೆ ಔಷಧ ಇದೆ. ಲೈನ್ ಉದ್ದಕ್ಕೂ ಎತ್ತರದ ಜಾಗಗಳಲ್ಲಿ ಪೈಪಿಗೆ ಗಾಳಿ ಬಿಟ್ಟು ತೆಗೆಯೋ ಏರ್ ವಾಲ್ವ್ ಕೆಲಸ ಮಾಡ್ತಿರಬೇಕು (ಹೋಗಿ ನೋಡಿ, ಅರ್ಧದಷ್ಟು ಮಣ್ಣು ಮುಚ್ಚಿರುತ್ತೆ, ಇಲ್ಲಾ ಯಾರೋ ಬಿಚ್ಚಿ ಎಮ್ಮೆಗೆ ನೀರು ಹಿಡೀತಿರ್ತಾರೆ), ಪಂಪ್ ಹತ್ತಿರ ಏಟು ತಡೆಯೋ ಸರ್ಜ್ ಟ್ಯಾಂಕೋ ವೆಸೆಲ್ಲೋ ಇರಬೇಕು, ನೀರು ವಾಪಸ್ ಹೋಗದಂತೆ ತಡೆಯೋ ನಾನ್ ರಿಟರ್ನ್ ವಾಲ್ವ್ ಗಟ್ಟಿ ಇರಬೇಕು. ಅದು ಸೋರ್ತಿದ್ರೆ ಏನಾಗುತ್ತೆ ಗೊತ್ತಾ? ನಿಮ್ಮ ಆ ಪೈಪೊಳಗೇ 21 ಲಕ್ಷ ಲೀಟರ್ ನೀರು ನಿಂತಿರುತ್ತೆ. ಕರೆಂಟ್ ಇಲ್ಲದ ನಾಲ್ಕು ತಾಸಿನಲ್ಲಿ ಅದರಲ್ಲಿ ಸ್ವಲ್ಪ ಸೋರಿ ಹೊಳೆಗೇ ವಾಪಸ್ ಹೋದ್ರೆ, ಕರೆಂಟ್ ಬಂದ ಮೇಲೆ ಮೊದಲು ಪೈಪ್ ತುಂಬಬೇಕು, ಆಮೇಲೆ ಊರಿಗೆ ನೀರು. ಬುಕ್ಕಲ್ಲಿ 13 ಗಂಟೆ ಓಡಿದೆ ಅಂತಿರುತ್ತೆ, ಊರಿಗೆ ಬಂದಿದ್ದು ಹತ್ತು ಗಂಟೆದು ಇರಬೋದು. ಅದಕ್ಕೇ ಫಿಲ್ಟರ್ ಹೌಸ್ ಹತ್ತಿರ ಬಂದ ಒಟ್ಟು ನೀರು ಅಳೆಯೋ ಒಂದು ಬಲ್ಕ್ ಮೀಟರ್ ಬೇಕು ಅನ್ನೋದು. ಬೋರ್ಡ್ ಮೇಲೆ ಬರೆದ ಲೀಟರ್ ಪಂಪ್ ಹೊಸದಿದ್ದಾಗಿನದು.

ನಾನಾಗಿದ್ರೆ ಸಭೆಯಲ್ಲಿ ಮೊದಲು ಕೇಳೋದು ಜಾಕ್‌ವೆಲ್‌ಗೆ ಸಬ್‌ಸ್ಟೇಷನ್‌ನಿಂದ ನೇರ ಎಕ್ಸ್‌ಪ್ರೆಸ್ ಫೀಡರ್, ಅಂದ್ರೆ ನಡುವೆ ಯಾರಿಗೂ ಹಂಚದ ಕರೆಂಟ್ ಲೈನ್, ಜೊತೆಗೆ ಆ ಬಿಚ್ಚಿಟ್ಟ ಪಂಪ್ ರಿಪೇರಿ. ಒಂದೇ ಪಂಪಿನ ಮೇಲೆ 40 ಸಾವಿರ ಜನ ಬದುಕ್ತಿದ್ದೀರಿ, ಅದರ ಬೇರಿಂಗ್ ಹೋದ ದಿನ ಎಂಟು ದಿನ ಇಪ್ಪತ್ತಾಗುತ್ತೆ. ಆ ಪಂಪ್ ರಿಪೇರಿ ಖರ್ಚು ಹೊಸ ಟ್ಯಾಂಕಿನ ಮುಂದೆ ಏನೂ ಅಲ್ಲ. ಅಮೃತ್ 2.0 ಅನ್ನೋ ಕೇಂದ್ರದ ಪಟ್ಟಣ ನೀರಿನ ಯೋಜನೆಯಲ್ಲಿ, ಅಂದ್ರೆ 2021ರ ಅಕ್ಟೋಬರ್‌ನಲ್ಲಿ ಶುರುವಾಯ್ತಲ್ಲ ಅದರಲ್ಲಿ, ಸಣ್ಣ ಪಟ್ಟಣಗಳನ್ನೂ ಸೇರಿಸಿದ್ದಾರೆ, ಸೋರಿಕೆ ಕಡಿಮೆ ಮಾಡೋದೂ ಅದರ ಉದ್ದೇಶವೇ. ಕೇಳೋರು ಬೇಕು.

ಹೊಳಿಸಾಲು ರೈತ:

ಏರ್ ವಾಲ್ವ್ ಬಿಚ್ಚಿ ಎಮ್ಮಿಗೆ ನೀರು ಹಿಡೀತಾರ ಅಂದ್ರಲ್ಲ ಸಾಹೇಬ್ರ, ಹಿಡೀತೀವಿ. ಸುಳ್ಳ್ಯಾಕ ಹೇಳ್ಲಿ. ಪೈಪ್ ಹೋಗಿದ್ದು ನಮ್ಮ ಹೊಲದ ಬದುವಿನ ಮ್ಯಾಲೆ, ಹಾಕುವಾಗ ಮೆಕ್ಕಿಜೋಳ ತುಳದು ಹಾಕಿದ್ರು, ಒಡದಾಗೆಲ್ಲ ಜೇಸಿಬಿ ತಂದು ಮತ್ತ ಅಗೀತಾರ. ನಮ್ಮೂರಾಗ ಬೋರ್ ನೀರು, ಕುಡದ್ರ ಹಲ್ಲು ಕಂದು ಆಗ್ತಾವ, ಫ್ಲೋರೈಡ್ ಅಂತಾರ. ಊರ ಮುಂದಿಂದ ಸಿಹಿ ನೀರು ಪ್ಯಾಟಿಗೆ ಹರದು ಹೋಗ್ತೈತಿ, ನಾವು ಬಾಯಿ ಬಿಟಗೊಂಡು ನೋಡ್ಬೇಕೇನ್ರಿ? ಕಳ್ಳತನ ಅಂತ ಕೇಸ್ ಹಾಕ್ರಿ, ನಾಳೆ ಇನ್ನೊಬ್ಬ ಬಿಚ್ತಾನ.

ಹಳೇ ಜೆಇ:

ರೈತಣ್ಣ ನಿಮ್ಮ ಮಾತು ಒಪ್ತೀನಿ, ಸರ್ವೀಸಲ್ಲಿದ್ದಾಗ ಒಪ್ತಿರಲಿಲ್ಲ. ಪೊಲೀಸ್ ಕರ್ಕೊಂಡು ಹೋಗಿ ಕನೆಕ್ಷನ್ ಕಿತ್ತಿದ್ದೀನಿ, ವಾರಕ್ಕೆ ಮತ್ತೆ ಬಂದಿರೋದು. ಕೊನೆಗೆ ಒಂದು ಕಡೆ ಏನು ಮಾಡಿದ್ವಿ ಅಂದ್ರೆ ಲೈನ್ ಹೋಗೋ ಮೂರು ಹಳ್ಳಿಗೆ ಅಧಿಕೃತವಾಗಿ ಒಂದೊಂದು ಸಣ್ಣ ಕನೆಕ್ಷನ್, ಮೀಟರ್ ಸಮೇತ, ಪಂಚಾಯ್ತಿ ತೊಟ್ಟಿಗೆ ಕೊಟ್ವಿ. ಒಡಕು ನಿಂತೇ ಹೋಯ್ತು ಅನ್ನಲ್ಲ, ಆದ್ರೆ ಲೈನ್ ಸೋರಿದ್ರೆ ಹಳ್ಳಿಯವರೇ ಫೋನ್ ಮಾಡೋಕೆ ಶುರು ಮಾಡಿದ್ರು. ಆದ್ರೆ ಒಂದು ಮಾತು, ಫಿಲ್ಟರ್‌ಗೆ ಮುಂಚಿನ ಲೈನ್ ಆದ್ರೆ ಅದು ಹಸಿ ಹೊಳೆ ನೀರು, ಎಮ್ಮೆಗೆ ಸರಿ, ಮಕ್ಕಳಿಗೆ ಕುಡಿಸಬೇಡಿ.

ವಿದ್ಯಾನಗರದ ಅಕ್ಕ:

ನಾ ಹುಬ್ಬಳ್ಳಿಯಾಕಿ. ನಮ್ಮಲ್ಲಿ ಊರಿನ ಹತ್ತನೇ ಒಂದು ಪಾಲಿಗೆ 2008ರ ಹೊತ್ತಿಗೆ 24 ತಾಸು ನೀರು ಬಂತು, ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರ್ಗಿ ಮೂರೂ ಕಡೆ ಕೆಲವು ವಾರ್ಡಿಗೆ ಮಾಡಿದ್ರಲ್ಲ ವಿಶ್ವಬ್ಯಾಂಕಿನ ಸಾಲದಾಗ, ಅದು. ನಮ್ಮ ಓಣಿ ಅದರಾಗ ಬಂತು, ನಮ್ಮಕ್ಕನ ಮನಿ ಎರಡು ಕಿಲೋಮೀಟರ್ ಆಚೆ, ಆಕೀಗಿ ಬರಲಿಲ್ಲ. ಅದs ಮಲಪ್ರಭಾ ನೀರು, ಅದs ಅಮ್ಮಿನಭಾವಿಯಾಗ ಶುದ್ಧ ಮಾಡಿದ್ದು, ನಮಗ ದಿನಪೂರ್ತಿ, ಆಕೀಗಿ ಐದು ದಿನಕ್ಕೊಮ್ಮೆ. ಹಿಂಗಾಗಿ ನೀರು ಎಷ್ಟೈತಿ ಅನ್ನೋದರಕಿಂತ ಪೈಪು ಹೆಂಗೈತಿ ಅನ್ನೋದರ ಮ್ಯಾಲೆ ಎಲ್ಲಾ ನಿಂತೈತಿ ಅಂತ ನಮ್ಮಂಥವ್ರಿಗೂ ತಿಳೀತು. ನಮ್ಮ ಕಡೆ ಹಳೇ ಪೈಪ್ ಕೈಬಿಟ್ಟು ಮನಿ ನಳದತನಕ ಹೊಸಾದು ಹಾಕಿದ್ರು, ಎಲ್ಲಾರಿಗೂ ಮೀಟರ್.

ಶುರುವಿಗೆ ನಾ ನಂಬಲೇ ಇಲ್ಲ, ಆರು ತಿಂಗಳು ಬ್ಯಾರಲ್ ತುಂಬಿ ಇಟಗೊಂಡು ಕುಂತಿದ್ದೆ. ಆಮ್ಯಾಲ ಒಂದಿನ ಬ್ಯಾರಲ್‌ನ್ಯಾಗ ಜ್ವಾಳ ಹಾಕಿದೆ, ಅವತ್ತ ನಂಬಿದ್ದು ಅಂತ ಲೆಕ್ಕ. ಒಂದು ಖರೇ ಮಾತು, ಮೊದಲು ನೀರು ಬಂದ ದಿನ ಹಳೇ ನೀರು ಚೆಲ್ಲತಿದ್ವಿ, ಎಷ್ಟು ಚೆಲ್ಲತಿದ್ವಿ ಅಂದ್ರ ಅಂಗಳ ತೊಳದು, ಗಾಡಿ ತೊಳದು, ಗಿಡಕ್ಕ ಹಾಕಿ. ಈಗ ನೀರು ಹಳೇದಾಗೋದ ಇಲ್ಲ, ಚೆಲ್ಲೋದೂ ಇಲ್ಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವ್ರು ಬಂದು ಎರಡೂ ಕಡೆ ನಳದ ನೀರು ಹಿಡದು ಪರೀಕ್ಷೆ ಮಾಡಿದ್ರು. ಬಿಟ್ಟುಬಿಟ್ಟು ಬರೋ ಕಡೆ ಹತ್ತು ಬಾಟ್ಲಿಯಾಗ ಮೂರರಾಗ ಇ-ಕೋಲಿ ಅನ್ನೋ ಹೊಲಸಿನ ಕ್ರಿಮಿ, ನಮ್ಮ ಕಡೆ ನೂರಕ್ಕ ಒಂದೂ ಇಲ್ಲ. ಪೈಪ್ ಖಾಲಿ ಇದ್ದಾಗ ಗಟಾರದ ನೀರು ಒಳಗ ಎಳಕೋತೈತಂತ.

ಸಿಟ್ಟಿನ ಸಿದ್ದ:

ಅಕ್ಕಾರೆ ಪೂರ್ತಿ ಹೇಳಿ. ಆ ನೀರು ನಡೆಸ್ತಿದ್ದದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ, ಮೀಟರ್ ಹಾಕಿ ಬಿಲ್ ಹಾಕಿದ್ರು. ಒಂದೇ ನಲ್ಲೀಲಿ ನಾಲ್ಕು ಬಾಡಿಗೆ ಮನೆ ಇರೋ ಬಡವರ ವಠಾರದಲ್ಲಿ ಮೀಟರ್ ಓಡೋದು ಜಾಸ್ತಿ ದರದ ಸ್ಲ್ಯಾಬಿಗೆ. ಬೀದಿ ನಲ್ಲಿ ತೆಗೆದ್ರು ಅಂತ ಗಲಾಟೆ ಆಗಿದ್ದು ನೆನಪಿದೆ. ಅದೇ ಯೂನಿವರ್ಸಿಟಿಯವರು ಮಕ್ಕಳ ಭೇದಿ ಲೆಕ್ಕ ಹಾಕಿದಾಗ ಒಟ್ಟಾರೆ ಎರಡೂ ಕಡೆ ಅಂಥಾ ವ್ಯತ್ಯಾಸ ಸಿಕ್ಕಿಲ್ಲ ಅದನ್ನೂ ಹೇಳಿ. 24 ತಾಸು ಅನ್ನೋದು ದೊಡ್ಡ ಕಂಪನಿಗೆ ಟೆಂಡರ್ ಕೊಡೋಕೆ ಒಂದು ಚಂದದ ಹೆಸರು.

ವಿದ್ಯಾನಗರದ ಅಕ್ಕ:

ತಮ್ಮಾ, ಅದೂ ಖರೇನ. ಆದ್ರ ಅದs ಲೆಕ್ಕದಾಗ ಬಡವರ ಮನ್ಯಾಗ ರಕ್ತಭೇದಿ ಕಡಿಮಿ ಆಗಿದ್ದೂ ಐತಿ, ನೀನೂ ಅದನ್ನ ಬಿಟ್ಟಿ. ಬಿಲ್ ಹೆಚ್ಚಾತು ಅಂತ ನಾನೂ ಬಯ್ದೀನಿ. ಹಿಂದಿಂದು ನಾವು ಲೆಕ್ಕ ಹಿಡಿತಿದ್ದಿಲ್ಲ ನೋಡು, ಸಂಪಿನ ಮೋಟರ್ ಕರೆಂಟು, ಟ್ಯಾಂಕರ್, ಕೂಲಿಗೆ ರಜಾ ಹಾಕಿ ನೀರಿಗೆ ಕಾಯೋ ಹೆಣಮಕ್ಕಳ ಪಗಾರ. ಕೂಲಿ ಬಿಟ್ಟು ಕಾದದ್ದಕ್ಕ ಯಾವ ಮೀಟರೂ ಇರಲಿಲ್ಲ.

ಹಳೇ ಜೆಇ:

ಸಿದ್ದ ಅವರೇ, ಕಂಪನಿ ಇಲ್ಲದೇನೂ ಆಗುತ್ತೆ. ಮಹಾರಾಷ್ಟ್ರದಲ್ಲಿ ಕರಾಡ ಪಕ್ಕ ಮಲಕಾಪುರ ಅಂತ ಸಣ್ಣ ಊರು, ಅವರ ನಗರ ಪಂಚಾಯ್ತಿ ಮತ್ತು ಅಲ್ಲಿನ ಸರ್ಕಾರಿ ಜೀವನ ಪ್ರಾಧಿಕರಣ ಸೇರಿ 24 ತಾಸು ನೀರು ಮಾಡಿದ್ರು, ಮೀಟರ್ ಇದೆ, ಹೆಚ್ಚು ಬಳಸಿದವರಿಗೆ ಹೆಚ್ಚು ದರ. ಆದ್ರೆ ನಮ್ಮ ಜೆರಾಕ್ಸ್ ಅಣ್ಣ ಕೇಳಿದ್ದು 24 ತಾಸಲ್ಲ, ಎಂಟು ದಿನ ಯಾಕೆ ಅಂತ. ಹಸಿದವನಿಗೆ ಹೋಳಿಗೆ ಬಗ್ಗೆ ವಾದ ಮಾಡ್ತಾ ಕೂರೋದು ಬೇಡ.

ಅಣ್ಣ, ಇನ್ನೊಂದು ಪರೀಕ್ಷೆ ಇದೆ, ಖರ್ಚಿಲ್ಲ, ನಿದ್ದೆ ಹೋಗುತ್ತೆ ಅಷ್ಟೆ. ಮುಖ್ಯಾಧಿಕಾರಿಗಳ ಒಪ್ಪಿಗೆ ತಗೊಳ್ಳಿ. ರಾತ್ರಿ ಒಂದು ಗಂಟೆಗೆ ಟ್ಯಾಂಕಿಗೆ ಬರೋ ನೀರು ನಿಲ್ಲಿಸಿ, ಊರಿನ ಎಲ್ಲಾ ಬೀದಿ ವಾಲ್ವ್ ಬಂದ್ ಮಾಡಿಸಿ, ಟ್ಯಾಂಕಿನ ಹೊರ ವಾಲ್ವ್ ಮಾತ್ರ ತೆಗೆದಿಡಿ. ನೀರಿನ ಮಟ್ಟ ಗುರುತು ಹಾಕಿ ಮೂರು ತಾಸು ಬಿಟ್ಟು ನೋಡಿ. ಯಾರಿಗೂ ನೀರು ಬಿಟ್ಟಿಲ್ಲ, ಹಾಗಾಗಿ ಮಟ್ಟ ಇಳೀಬಾರದು. ಇಳಿದ್ರೆ ಅದು ಹೋಗಿದ್ದು ನೆಲಕ್ಕೆ, ಇಲ್ಲಾ ಬಂದ್ ಆಗದ ವಾಲ್ವ್ ದಾಟಿ. ಟ್ಯಾಂಕ್ ಅಗಲ 12 ಮೀಟರ್ ಇದ್ರೆ ಒಂದೊಂದು ಸೆಂಟಿಮೀಟರಿಗೂ 1,130 ಲೀಟರ್ ಲೆಕ್ಕ. ಸಣ್ಣ ತೂತು ಅಂತ ಉದಾಸೀನ ಮಾಡಬೇಡಿ, 30 ಮೀಟರ್ ಒತ್ತಡದಲ್ಲಿ ಪೆನ್ಸಿಲ್ ದಪ್ಪದ, ಅಂದ್ರೆ 6 ಎಂಎಂ ತೂತಿಂದ ದಿನಕ್ಕೆ 35 ಸಾವಿರ ಲೀಟರ್ ಹೋಗುತ್ತೆ, ತಲೆಗೆ 87ರ ಲೆಕ್ಕದಲ್ಲಿ ನಾನೂರು ಜನರ ನೀರು ಅದು.

ವಾಲ್ವ್‌ಮನ್ ಮಗ:

ವಾಲ್ವ್ ಬಂದ್ ಆಗಲ್ಲ ಅನ್ನೋದು ನಮ್ಮಪ್ಪ "ಪಾಸಿಂಗ್ ಐತೆ" ಅನ್ನೋರು. ದಿನಾ ಅರ್ಧ ತೆಗೆದು ಅರ್ಧ ಹಾಕಿ ಮಾಡಿದ್ರೆ ಒಳಗಿನ ಬಿಲ್ಲೆ ಸವೆಯುತ್ತೆ, ಕಲ್ಲು ಸಿಗಾಕ್ಕಳ್ಳುತ್ತೆ, ಮೇಲಿಂದ ಕೀ ತಿರುಗುತ್ತೆ ಕೆಳಗೆ ನೀರು ಹೋಗ್ತಾನೇ ಇರುತ್ತೆ. ಕೀ ಕೋಲಿನ ತುದಿ ಕಿವಿಗೆ ಇಟ್ಕಂಡು ಇನ್ನೊಂದು ತುದಿ ವಾಲ್ವ್ ಮೇಲೆ ಇಡ್ರಿ, ಸುಂಯ್ ಅಂದ್ರೆ ಪಾಸಿಂಗ್. ರಾತ್ರಿನೇ ಕೇಳ್ಬೇಕು, ಗಾಡಿ ಸದ್ದಿರಲ್ಲ.

ಜೆರಾಕ್ಸ್ ಅಂಗಡಿ:

ಮೂರು ವಾರ ಆತು, ತಡಾ ಆದದ್ದಕ್ಕ ಕ್ಷಮಾ ಇರಲಿ. ನಡದದ್ದೆಲ್ಲಾ ಹೇಳ್ತೀನಿ.

ಪರೀಕ್ಷೆ ಮಾಡಿದ್ವಿ. ಮುಖ್ಯಾಧಿಕಾರಿಗಳು ಹೊಸಬರು, ಹೂಂ ಅಂದ್ರು, ತಾವೂ ಒಂದು ತಾಸು ಬಂದು ನಿಂತಿದ್ರು. ರಿಟೈರ್ ಆದ ಒಬ್ರು ವಾಲ್ವ್‌ಮನ್ ಕಾಕಾ ಅದಾರ, ಎಪ್ಪತ್ತೆರಡು ವಯಸ್ಸು, ಅವರನ್ನ ಬೈಕ್ ಮ್ಯಾಲೆ ಕುಂದರಿಸ್ಕೊಂಡು ಎಲ್ಲಾ ವಾಲ್ವ್ ಬಂದ್ ಮಾಡಿಸಿದ್ವಿ, ನಾಕು ವಾಲ್ವ್ ಈಗಿನ ಹುಡುಗರಿಗೆ ಇರೋದ ಗೊತ್ತಿದ್ದಿಲ್ಲ. ಒಂದು ಗಂಟೆಯಿಂದ ನಾಕರ ತನಕ. ಟಾಕಿ 5 ಲಕ್ಷದ್ದು, ಅಗಲ ಸರ ಹೇಳಿದಂಗ 12 ಮೀಟರ್. ಇಳಿದದ್ದು 46 ಸೆಂಟಿಮೀಟರ್. ಮೂರು ತಾಸಿಗೆ 52 ಸಾವಿರ ಲೀಟರ್! ಒಂದು ನಳಕ್ಕೂ ನೀರು ಬಿಟ್ಟಿಲ್ಲ. ಹಂಗ ದಿನಪೂರ್ತಿ ಹೋದ್ರ 4 ಲಕ್ಷ 16 ಸಾವಿರ ಆಗ್ತೈತಿ, ಇದು ಒಂದ ಟಾಕಿ ಲೆಕ್ಕ.

ಮರುದಿನ ರಾತ್ರಿ ಕಾಕಾ ಕೀ ಕೋಲು ಕಿವಿಗಿಟ್ಟು ಒಂದೊಂದು ವಾಲ್ವ್ ಕೇಳ್ತಾ ಹೋದ್ರು, ಡಾಕ್ಟರ್ ಎದಿ ನೋಡ್ದಂಗ. ಹಳೇ ಬಜಾರದಾಗ ಒಂದು ಕಡೆ ಚರಂಡಿ ಕೆಳಗ ಪೈಪ್ ಸೀಳೈತಿ, ಅದನ್ನ ಅಗದು ಕ್ಲಾಂಪ್ ಹಾಕಿದ್ರು. ಅದು ಸಣ್ಣದು. ದೊಡ್ಡದು ಎಲ್ಲಿ ಅಂದ್ರ ಬೈಪಾಸ್ ಕಡೆ ಹೊಸಾ ಬಡಾವಣೆಗೆ ಹೋಗೋ ವಾಲ್ವ್, ಪೂರ್ತಿ ಪಾಸಿಂಗ್. ಅಂದ್ರ ಏನ್ರಿ, ಆ ಎರಡು ಓಣಿಗೆ ಹಗಲು ರಾತ್ರಿ ನೀರು ಹೋಗಾಕತ್ತೈತಿ! ಊರಿಗೆ ಎಂಟು ದಿನಕ್ಕೊಮ್ಮೆ, ಅವ್ರಿಗೆ ಹುಬ್ಬಳ್ಳಿ ಅಕ್ಕಾರ ಗತೆ 24 ತಾಸು. ಸುಮಾರು ಮೂರು ವರ್ಷದಿಂದ ಅಂತ ಕಾಣ್ತೈತಿ, ಒಬ್ರೂ ಪಿಟಕ್ ಅಂದಿಲ್ಲ. ಮನವಿ ಪತ್ರ ಎಲ್ಲಾ ಓಣಿಯವ್ರದ್ದೂ ನನ್ನ ಅಂಗಡಿಗೆ ಬರ್ತಾವು ಅಂದೆನಲ್ಲ, ಈಗ ಫೈಲ್ ತಗದು ನೋಡಿದ್ರ ಆ ಎರಡು ಓಣಿಯಿಂದ ಒಂದೂ ಬಂದಿಲ್ಲ. ಮೊದಲ ನೋಡಿದ್ರ ಅಲ್ಲೇ ತಿಳೀತಿತ್ತು.

ಸಭಾದಾಗ ಲೆಕ್ಕ ಬರದ ಹಾಳಿ ಎಲ್ಲಾ ಮೆಂಬರ್‌ಗೂ ಒಂದೊಂದು ಜೆರಾಕ್ಸ್ ಕೊಟ್ಟೆ, ಪುಕ್ಕಟೆ. ಪಂಪ್ ರಿಪೇರಿಗೆ ಒಪ್ಪಿದಾರ, ಮೋಟರ್ ಹುಬ್ಬಳ್ಳಿಗೆ ಹೋಗೈತಿ. ಎಕ್ಸ್‌ಪ್ರೆಸ್ ಫೀಡರ್‌ಗೆ ಪತ್ರ ಬರೀತೀವಿ ಅಂದ್ರು, ಬರೆದ ಪತ್ರ ನಾನ ಟೈಪ್ ಮಾಡೀನಿ, ಹಿಂಗಾಗಿ ಬರದಿದ್ದು ಖರೇ. ಹಳ್ಳಿಗಳಿಗೆ ನೀರು ಕೊಡೋ ಮಾತಿಗೆ ಮಾತ್ರ ಇಬ್ಬರು ಎದ್ದು ಜಗಳಾ ತಗದ್ರು, ಅದು ಹಂಗ ಉಳೀತು. ಟಾಕಿ ವಿಷಯ ಮುಂದಿನ ಸಭಾಕ್ಕ ಹೋತು, ಜಾಗಾ ಆಗಲೇ ನೋಡ್ಯಾರಂತ.

ಹಳೇ ಜೆಇ:

ಬಹಳ ಸಂತೋಷ. ಆ ಪಾಸಿಂಗ್ ವಾಲ್ವ್ ಬದಲಾಯಿಸಿದ್ರಾ? ಬದಲಾಯಿಸಿದ ಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ, ಇನ್ನೂ ಇಳೀತಿದ್ರೆ ಹುಡುಕೋದು ಬಾಕಿ ಇದೆ ಅಂತ. ಉಳಿದ ಟ್ಯಾಂಕ್‌ಗಳನ್ನೂ ಬಿಡಬೇಡಿ. ಕಾಕಾ ಅವರ ಹತ್ತಿರ ನಕ್ಷೆ ಬರೆಸಿದ್ರಾ?

ಜೆರಾಕ್ಸ್ ಅಂಗಡಿ:

ನಕ್ಷೆ ಶುರು ಮಾಡೀವ್ರಿ ಸರ, ಕಾಕಾ ಹೇಳ್ತಾರ, ನಮ್ಮ ಹುಡುಗ ಮೊಬೈಲ್‌ನ್ಯಾಗ ಗುರುತು ಹಾಕ್ತಾನ, ಅರ್ಧ ಊರು ಆಗೈತಿ. ವಾಲ್ವ್ ಆಗಲೇ ಬದಲು ಆತು. ಈಗ ನಮ್ಮ ಓಣಿಗೆ ಆರು ದಿನಕ್ಕ ಬರಾಕತ್ತೈತಿ, ಎರಡು ಸರ್ತಿ ಹಂಗ ಬಂದೈತಿ, ಮೂರನೇದು ನೋಡ್ಬೇಕು. ಅವ್ವ ಕೊಡ ಇಡೋದು ಇನ್ನೂ ಬಿಟ್ಟಿಲ್ಲ.

ಒಂದು ಹೇಳಬಾರದು ಅಂತ ಮಾಡಿದ್ದೆ. ಆ ಬೈಪಾಸ್ ಬಡಾವಣೆ ಎರಡನೇ ಓಣಿಯಾಗ ನಮ್ಮ ಸ್ವಾದರಮಾವನ ಮನಿ ಐತ್ರಿ. ಹೋದ ವರ್ಷ ಬ್ಯಾಸಗಿಯಾಗ ನಮ್ಮನಿಗೆ ನೀರಿಲ್ಲ ಅಂತ ಅವ್ರ ಮನಿಯಿಂದ ನಾಕು ದಿನ ಕೊಡ ಹೊತ್ತು ತಂದೀವಿ. "ನಮ್ಮ ಸಂಪು ದೊಡ್ಡದೈತಿ ಅಳಿಯಾ" ಅಂದಿದ್ರು.